ಮಗಳು ನ್ಯೂಜೆರ್ಸಿಯಲ್ಲಿ, ಮಗ ಸಿಡ್ನಿಯಲ್ಲಿ: ಭಾನುವಾರದ ಕರೆಯ ಹೊತ್ತನ್ನು ಕದಲಿಸುತ್ತಿರುವವರು ಯಾರು?

ನಿವೃತ್ತ ಎಸ್ಸೆಮ್, ಅರಸೀಕೆರೆ (ಪ್ರಶ್ನೆ)

ನಾನು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತನಾದವನು. ಗಡಿಯಾರದ ವಿಷಯದಲ್ಲಿ ನನಗೆ ಸಡಿಲತನ ಸೇರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ದಿನವೂ 16 ಗಂಟೆಗೆ ಕಂಟ್ರೋಲ್‌ನಿಂದ ಸಮಯದ ಸಂಕೇತ ಬರುತ್ತಿತ್ತು. ವಿಭಾಗದ ಅಷ್ಟೂ ಸ್ಟೇಷನ್‌ಗಳು ಅದಕ್ಕೆ ಗಡಿಯಾರ ಹೊಂದಿಸಿಕೊಂಡು ಬರೆದಿಡಬೇಕಿತ್ತು. ಒಂದು ನಿಮಿಷ ಹೆಚ್ಚುಕಡಿಮೆಯಾದರೂ ಯಾರ ಗಡಿಯಾರ, ಎಷ್ಟು, ಯಾವಾಗ ಸರಿಪಡಿಸಿದ್ದು ಎಂಬುದಕ್ಕೆ ಲೆಕ್ಕ ಇರುತ್ತಿತ್ತು. ಈಗ ನನ್ನ ಮನೆಯಲ್ಲೇ ಒಂದೊಂದು ಗಂಟೆ ಹಿಂದೆ ಮುಂದೆ ಸರಿಯುತ್ತಿದೆ, ಲೆಕ್ಕ ಕೊಡುವವರು ಯಾರೂ ಇಲ್ಲ.

ವಿಷಯ ಇದು. ಮಗಳ ಸಂಸಾರ ನ್ಯೂಜೆರ್ಸಿಯಲ್ಲಿ. ಮಗ ಮೊದಲು ಬ್ರಿಸ್ಬೇನಿನಲ್ಲಿದ್ದ, ಈಗ ಸಿಡ್ನಿ ಸೇರಿದ್ದಾನೆ. ವಾರಕ್ಕೊಮ್ಮೆ ಮೂರು ಮನೆಯವರೂ ವಿಡಿಯೊ ಕರೆಯಲ್ಲಿ ಸೇರುತ್ತೇವೆ. ಮಗಳು ತನ್ನ ಫೋನಿನ ಕ್ಯಾಲೆಂಡರಿನಲ್ಲಿ ‘ಪ್ರತಿ ಶನಿವಾರ ರಾತ್ರಿ 8 ಗಂಟೆ’ ಎಂದು ನಮೂದಿಸಿ ನಮಗೆಲ್ಲ ಆಹ್ವಾನ ಕಳುಹಿಸಿದ್ದಾಳೆ. ಚಳಿಗಾಲದಲ್ಲಿ ಅದು ನಮಗೆ ಭಾನುವಾರ ಬೆಳಿಗ್ಗೆ 6:30ಕ್ಕೆ, ಮಗನಿಗೆ ಭಾನುವಾರ ಮಧ್ಯಾಹ್ನ 12ಕ್ಕೆ ಬರುತ್ತಿತ್ತು. ಯಾರಿಗೂ ತಕರಾರಿರಲಿಲ್ಲ.

ಈ ವರ್ಷ ಮಾರ್ಚ್ 15ರ ಭಾನುವಾರ ನನ್ನ ಫೋನ್ 5:30ಕ್ಕೇ ಬಡಿದುಕೊಂಡಿತು. ಮಗನಿಗೆ 11 ಗಂಟೆ. ಮಗಳನ್ನು ಕೇಳಿದರೆ ‘ನಾನೇನೂ ಬದಲಾಯಿಸಿಲ್ಲ ಅಪ್ಪ, ನನಗೆ ಎಂದಿನಂತೆ 8’ ಎಂದಳು. ಅಮೆರಿಕದವರು ಗಡಿಯಾರ ತಿರುಗಿಸುತ್ತಾರೆಂಬುದು ಕೇಳಿ ಗೊತ್ತಿತ್ತು, ಸುಮ್ಮನಾದೆ. ಆದರೆ ಪತ್ರಿಕೆಯಲ್ಲಿ ಅವರು ತಿರುಗಿಸಿದ್ದು ಮಾರ್ಚ್ 8ರಂದು ಎಂದಿತ್ತು. ಆ ದಿನ ನಮಗೆ ಕರೆ ಬಂದದ್ದು 6:30ಕ್ಕೇ! ಅದಾದ ಮೇಲೆ ಏಪ್ರಿಲ್ 5ರಂದು ಇನ್ನೊಂದು ಚಮತ್ಕಾರ. ನಮಗೆ ಅದೇ 5:30, ಮಗಳಿಗೆ ಅದೇ 8, ಮಗನಿಗೆ ಮಾತ್ರ 10 ಗಂಟೆ. ಆ ಹೊತ್ತಿಗೆ ಅವನ ಮಕ್ಕಳಿಗೆ ಈಜಿನ ತರಗತಿ, ಆದ್ದರಿಂದ ಮೂವರಲ್ಲಿ ಒಬ್ಬರು ಗೈರು. ಅವನು ಬ್ರಿಸ್ಬೇನಿನಲ್ಲಿದ್ದಾಗ ಏಪ್ರಿಲ್‌ನಲ್ಲಿ ಹೀಗೆಂದೂ ಆಗಿರಲಿಲ್ಲ. ಒಂದೇ ದೇಶ, ಒಂದೇ ಕರಾವಳಿ!

ಮಗಳು ‘ನಮಗೆ ಬೇಸಿಗೆ ಬಂತಲ್ಲ’ ಎನ್ನುತ್ತಾಳೆ, ಮಗ ‘ನಮಗೆ ಬೇಸಿಗೆ ಹೋಯಿತಲ್ಲ’ ಎನ್ನುತ್ತಾನೆ. ಇಬ್ಬರೂ ಇದನ್ನು ವಿವರಣೆ ಎಂದುಕೊಂಡಿದ್ದಾರೆ. ನನ್ನ ಹೆಂಡತಿಗಂತೂ 5:30ಕ್ಕೆ ಸ್ನಾನ, ಕಾಫಿ ಯಾವುದೂ ಮುಗಿದಿರುವುದಿಲ್ಲ, ಆ ಅವತಾರದಲ್ಲಿ ಅಳಿಯನ ಮುಂದೆ ಕೂರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದಾಳೆ.

ನನಗೆ ಬೇಕಾದ ಉತ್ತರ: ಕೆಟ್ಟಿರುವುದು ನನ್ನ ಫೋನೋ, ಕ್ಯಾಲೆಂಡರೋ? ವರ್ಷದಲ್ಲಿ ಇನ್ನೆಷ್ಟು ಸಲ ಹೀಗಾಗುತ್ತದೆ? ಮೂರೂ ಮನೆಗೆ ವರ್ಷವಿಡೀ ಒಗ್ಗುವ ಒಂದು ಹೊತ್ತು ಇದೆಯೇ?

ರಾತ್ರಿಪಾಳಿಯವಳು, ಕೋರಮಂಗಲ

ಸರ್, ಯಾವುದೂ ಕೆಟ್ಟಿಲ್ಲ. ಕ್ಯಾಲೆಂಡರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದೆ, ಅದೇ ತೊಂದರೆ. ನಾನು ಹೊರಗುತ್ತಿಗೆ ಕಂಪನಿಯೊಂದರಲ್ಲಿ ಪಾಳಿಯ ಪಟ್ಟಿ ಮಾಡುವವಳು. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯ ಮೂರೂ ಕಡೆಯ ಗ್ರಾಹಕರಿದ್ದಾರೆ. ಯಾವ ವಾರ ಯಾವ ಕ್ಯಾಬ್ ಎಷ್ಟು ಗಂಟೆಗೆ ಹೊರಡಬೇಕು ಎನ್ನುವುದು ಈ ಗಡಿಯಾರಗಳ ಮೇಲೆ ನಿಂತಿದೆ. ಆದ್ದರಿಂದ ನಿಮ್ಮ ಮನೆಯ ಲೆಕ್ಕ ನನಗೆ ಹೊಸದಲ್ಲ.

ನಿಮ್ಮ ಮೂರು ಮನೆಗಳಲ್ಲಿ ಎರಡು ಕದಲುತ್ತವೆ, ಅರಸೀಕೆರೆ ಕದಲುವುದಿಲ್ಲ. ಬೇಸಿಗೆಯಲ್ಲಿ ಸಂಜೆಗೆ ಬೆಳಕು ಹೆಚ್ಚು ಸಿಗಲೆಂದು ಆ ಊರುಗಳವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಬೇಸಿಗೆ ಮುಗಿದ ಮೇಲೆ ಹಿಂದೆ ತರುತ್ತಾರೆ. ಕದಲುವ ಎರಡೂ ಎದುರುಬದುರು ದಿಕ್ಕಿಗೆ ಕದಲುತ್ತವೆ, ಏಕೆಂದರೆ ಒಂದು ಭೂಮಧ್ಯರೇಖೆಯ ಉತ್ತರಕ್ಕಿದೆ, ಇನ್ನೊಂದು ದಕ್ಷಿಣಕ್ಕೆ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ನಸುಕಿನ 2 ಗಂಟೆಗೆ ಮುಳ್ಳು 3ಕ್ಕೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ 2ರಿಂದ 1ಕ್ಕೆ ಮರಳುತ್ತದೆ. ಸಿಡ್ನಿಯಲ್ಲಿ ಮುಂದೆ ಹೋಗುವುದು ಅಕ್ಟೋಬರ್ ಮೊದಲ ಭಾನುವಾರ, ಹಿಂದೆ ಬರುವುದು ಏಪ್ರಿಲ್ ಮೊದಲ ಭಾನುವಾರ.

ಈಗ ನಿಮ್ಮ ಮಗಳಿಗೂ ಮಗನಿಗೂ ನಡುವಿನ ಅಂತರ ನೋಡಿ. ನ್ಯೂಜೆರ್ಸಿಯಲ್ಲಿ ಚಳಿಗಾಲ, ಸಿಡ್ನಿಯಲ್ಲಿ ಬೇಸಿಗೆ ಇರುವಾಗ 16 ಗಂಟೆ. ಮಾರ್ಚ್ 8ಕ್ಕೆ ಅಮೆರಿಕ ಕದಲಿತು, 15 ಆಯಿತು. ಏಪ್ರಿಲ್ 5ಕ್ಕೆ ಸಿಡ್ನಿ ಕದಲಿತು, 14 ಆಯಿತು. ಈ ವರ್ಷ ಅಕ್ಟೋಬರ್ 4ಕ್ಕೆ ಮತ್ತೆ 15, ನವೆಂಬರ್ 1ಕ್ಕೆ ಮತ್ತೆ 16. ಅಣ್ಣತಂಗಿಯರ ನಡುವಿನ ಅಂತರ ವರ್ಷದಲ್ಲಿ ನಾಲ್ಕು ಸಲ ಬದಲಾಗುತ್ತದೆ. ಹಾಗಿರುವಾಗ ಒಬ್ಬರ ಗಡಿಯಾರಕ್ಕೆ ಕರೆಯನ್ನು ಕಟ್ಟಿದರೆ ಇನ್ನೊಬ್ಬರು ವರ್ಷವಿಡೀ ಓಲಾಡಲೇಬೇಕು. ನಿಮ್ಮ ಮಗಳ ಆಹ್ವಾನ ನ್ಯೂಯಾರ್ಕ್ ಸಮಯಕ್ಕೆ ಕಟ್ಟಿದೆ. ಅವಳಿಗೆ ಅದು ಎಂದೆಂದೂ 8. ಉಳಿದವರು ಅವಳ ಹಿಂದೆ ಅಲೆಯುತ್ತಿದ್ದೀರಿ.

ಮಾರ್ಚ್ 8ರ ಒಗಟಿಗೆ ಉತ್ತರ: ಆ ದಿನ ನಿಮಗೆ ಭಾನುವಾರ ಬೆಳಿಗ್ಗೆ 6:30 ಆಗಿದ್ದಾಗ ಅಲ್ಲಿ ಇನ್ನೂ ಶನಿವಾರ ರಾತ್ರಿ. ಗಡಿಯಾರ ತಿರುಗುವುದಕ್ಕೆ ಆರು ಗಂಟೆ ಬಾಕಿಯಿತ್ತು. ಸಿಡ್ನಿಯ ವಿಷಯ ಹಾಗಲ್ಲ. ಅವರದು ಭಾನುವಾರ ನಸುಕಿನಲ್ಲಿ ತಿರುಗಿ, ನಿಮ್ಮ ಕರೆ ಬರುವಷ್ಟರಲ್ಲಿ ಹಳೆಯ ಸುದ್ದಿಯಾಗಿರುತ್ತದೆ.

ಬ್ರಿಸ್ಬೇನ್ ಇರುವುದು ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ. ಅಲ್ಲಿಯ ಜನ 1992ರಲ್ಲಿ ಮತ ಹಾಕಿ ಈ ಪದ್ಧತಿ ಬೇಡವೆಂದರು. ನೀವು ಕ್ರಿಕೆಟ್ ನೋಡುವವರಾದರೆ ನೆನಪಿರಬಹುದು. 2024ರ ಡಿಸೆಂಬರಿನಲ್ಲಿ ಬ್ರಿಸ್ಬೇನ್ ಟೆಸ್ಟ್ ನಮಗೆ ಬೆಳಿಗ್ಗೆ 5:50ಕ್ಕೆ ಶುರುವಾಗುತ್ತಿತ್ತು, ಮುಂದಿನ ಮೆಲ್ಬರ್ನ್ ಟೆಸ್ಟ್ 5:00ಕ್ಕೆ. ಅಲ್ಲಿಯ ಗೋಡೆ ಗಡಿಯಾರದ ಪ್ರಕಾರ ಮೆಲ್ಬರ್ನ್ ಪಂದ್ಯ ಹತ್ತು ನಿಮಿಷ ತಡವಾಗಿ ಶುರು, ನಮಗೆ ಐವತ್ತು ನಿಮಿಷ ಬೇಗ.

ಪರಿಹಾರ ಸುಲಭ. ಕದಲದ ಮನೆಗೆ ಕರೆಯನ್ನು ಕಟ್ಟಿ. ಆಹ್ವಾನವನ್ನು ನಿಮ್ಮ ಫೋನಿನಿಂದ, ಭಾರತದ ಸಮಯದಲ್ಲಿ, ಭಾನುವಾರ ಬೆಳಿಗ್ಗೆ 6:30ಕ್ಕೆ ಎಂದು ಕಳುಹಿಸಿ, ಮಗಳದನ್ನು ಅಳಿಸಿಹಾಕಿಸಿ. ಆಗ ಸಿಡ್ನಿಯಲ್ಲಿ ಚಳಿಗಾಲಕ್ಕೆ 11, ಬೇಸಿಗೆಗೆ 12, ಈಜು ಮುಗಿದಿರುತ್ತದೆ. ನ್ಯೂಜೆರ್ಸಿಯಲ್ಲಿ ಚಳಿಗಾಲಕ್ಕೆ ಶನಿವಾರ ರಾತ್ರಿ 8, ಬೇಸಿಗೆಗೆ 9. ಮಕ್ಕಳು ಒಂಬತ್ತಕ್ಕೆ ಮಲಗಿರುತ್ತಾರೆ ಎಂದು ಮಗಳು ಹೇಳಿಯಾಳು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಎಂಟೂವರೆಯ ಸುಮಾರಿಗೆ, ಶನಿವಾರ ಬೇರೆ. ಯಾವ ಮಗುವೂ ಮಲಗಿರುವುದಿಲ್ಲ.

ಒಂದು ಎಚ್ಚರಿಕೆ. ಹೊಸ ಆಹ್ವಾನ ಮಾಡುವಾಗ ಸಮಯವಲಯದ ಕಡೆ ‘ಕೋಲ್ಕತ್ತ’ ಎಂದಿದೆಯೇ ನೋಡಿಕೊಳ್ಳಿ, ಫೋನುಗಳಲ್ಲಿ ಇಡೀ ಭಾರತದ ಸಮಯಕ್ಕೆ ಅದೇ ಹೆಸರು. ಮಗಳು ಊರಿಗೆ ಬಂದಾಗ ನಿಮ್ಮ ಫೋನಿನಲ್ಲಿ ತಾನೇ ಕೂತು ಮಾಡಿಕೊಟ್ಟರೂ ಅದು ಕೋಲ್ಕತ್ತವೇ ಇರಲಿ.

ನಿವೃತ್ತ ಎಸ್ಸೆಮ್, ಅರಸೀಕೆರೆ

ತಾಯಿ, ಇಷ್ಟು ಸ್ಪಷ್ಟವಾಗಿ ನನ್ನ ಮಕ್ಕಳು ಹೇಳಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ದಿನಾಂಕದ ವಿಷಯ ನನಗೆ ತಕ್ಷಣ ಅರ್ಥವಾಯಿತು. ರಾತ್ರಿ 12:10ರ ರೈಲಿಗೆ ಟಿಕೆಟ್ ತೆಗೆಸಿ ಒಂದು ದಿನ ತಡವಾಗಿ ಬಂದು ಪ್ಲಾಟ್‌ಫಾರ್ಮಿನಲ್ಲಿ ನನ್ನೊಡನೆ ಜಗಳಕ್ಕೆ ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ.

ಆಹ್ವಾನ ಕಳುಹಿಸಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಮಗಳು ಸ್ವಲ್ಪ ಮುನಿಸಿನಿಂದಲೇ ಒಪ್ಪಿದಳು.

ಆದರೆ ನನಗೆ ನಿದ್ದೆ ಹತ್ತದಿರುವುದು ಬೇರೆ ಕಾರಣಕ್ಕೆ. ನಸುಕಿನ 2 ಗಂಟೆಗೆ ಮುಳ್ಳು 1ಕ್ಕೆ ಬಂದರೆ, 1ರಿಂದ 2ರವರೆಗಿನ ಗಂಟೆ ಎರಡು ಸಲ ಬಂದಂತಾಯಿತಲ್ಲ? ಆ ಹೊತ್ತಿನಲ್ಲಿ ಓಡುತ್ತಿರುವ ರೈಲುಗಳ ಗತಿ ಏನು? 1:40ಕ್ಕೆ ಹೊರಟ ಗಾಡಿ ಎಂದರೆ ಯಾವ 1:40? ರಿಜಿಸ್ಟರಿನಲ್ಲಿ ಹೇಗೆ ಬರೆಯುತ್ತಾರೆ? ನಮ್ಮ ದೇಶದಲ್ಲಿ ರೈಲಿಗೆ ಒಂದೇ ಸಮಯ ಬೇಕೆಂದು ಮದ್ರಾಸ್ ಸಮಯವನ್ನು ಎಲ್ಲೆಡೆ ಹಿಡಿದರು. ಈಗಿನದಕ್ಕಿಂತ ಸುಮಾರು 9 ನಿಮಿಷ ಹಿಂದೆ ಇತ್ತು ಅದು. ಆಮೇಲೆ 1906ರಲ್ಲಿ ಈಗಿನ ಭಾರತೀಯ ಸಮಯ ಬಂತು. ರೈಲಿನಿಂದಾಗಿ ಊರೂರಿನ ಗಡಿಯಾರಗಳು ಒಂದಾದವು. ರೈಲು ಕಲಿಸಿದ್ದನ್ನು ಇವರು ಏಕೆ ಕೆಡಿಸಿಕೊಂಡರು?

ಎಡಿಸನ್ ನಿವಾಸಿ

ಎಸ್ಸೆಮ್ ಅವರೇ, ನಾನು ನ್ಯೂಜೆರ್ಸಿಯಲ್ಲೇ ಇದ್ದೇನೆ, ಬಹುಶಃ ನಿಮ್ಮ ಮಗಳ ಪಕ್ಕದ ಊರಿನಲ್ಲಿ. ರೈಲಿನ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ನಿಮಗೆ ಇಷ್ಟವಾಗುತ್ತದೆ. ನವೆಂಬರಿನ ಆ ರಾತ್ರಿ ಆಮ್‌ಟ್ರ್ಯಾಕ್ ಸಂಸ್ಥೆಯ ದೂರದ ರೈಲುಗಳು ಮುಳ್ಳು ಹಿಂದಕ್ಕೆ ಬಂದಾಗ ಮುಂದಿನ ನಿಲ್ದಾಣದಲ್ಲಿ ನಿಂತು, ವೇಳಾಪಟ್ಟಿ ತಮ್ಮನ್ನು ಬಂದು ಸೇರುವವರೆಗೆ ಒಂದು ಗಂಟೆ ಕಾಯುತ್ತವೆ. ಮಾರ್ಚ್‌ನಲ್ಲಿ ಅದರ ತಿರುವುಮುರುವು. ಸಮಯಕ್ಕೆ ಸರಿಯಾಗಿ ಓಡುತ್ತಿದ್ದ ರೈಲು 2 ಗಂಟೆ ಹೊಡೆಯುತ್ತಲೇ ಒಂದು ಗಂಟೆ ತಡವಾಗಿಬಿಡುತ್ತದೆ, ಆಮೇಲೆ ದಾರಿಯಲ್ಲಿ ಆದಷ್ಟು ಸರಿದೂಗಿಸುತ್ತಾರೆ.

ಏಕೆ ಶುರುವಾಯಿತು ಎಂದರೆ, ಮೊದಲು ಯೋಚಿಸಿದವರಲ್ಲಿ ಒಬ್ಬ ಅಂಚೆ ಕಚೇರಿಯವನು. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್. ಕೆಲಸ ಮುಗಿಸಿ ಹುಳುಹುಪ್ಪಟೆ ಹಿಡಿಯುವ ಹವ್ಯಾಸ ಅವನಿಗೆ. ಸಂಜೆಗೆ ಬೆಳಕು ಹೆಚ್ಚು ಸಿಗಲೆಂದು 1895ರಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದೆ ತಿರುಗಿಸುವ ಸಲಹೆ ಮಂಡಿಸಿದ. ಇಂಗ್ಲೆಂಡಿನಲ್ಲಿ ವಿಲಿಯಂ ವಿಲೆಟ್ ಎಂಬ ಕಟ್ಟಡ ಗುತ್ತಿಗೆದಾರ 1907ರಲ್ಲಿ ಇದೇ ವಿಚಾರಕ್ಕೆ ಕಿರುಹೊತ್ತಿಗೆ ಅಚ್ಚು ಹಾಕಿಸಿ, ಸಾಯುವವರೆಗೂ ಸಂಸತ್ತಿನ ಬಾಗಿಲು ಬಡಿದ. ಅವನು ಸತ್ತದ್ದು 1915ರಲ್ಲಿ. ಮರುವರ್ಷವೇ ಯುದ್ಧದ ಇಂಧನ ಉಳಿತಾಯಕ್ಕೆಂದು ಜರ್ಮನಿ ಏಪ್ರಿಲ್ 30ಕ್ಕೆ ಗಡಿಯಾರ ತಿರುಗಿಸಿತು, ಮೂರು ವಾರದಲ್ಲಿ ಬ್ರಿಟನ್ ಅದನ್ನೇ ಅನುಸರಿಸಿತು. ಯುದ್ಧ ನಡೆಯುತ್ತಿದ್ದರೂ ಈ ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ಒಮ್ಮತ.

ಇಲ್ಲಿ ಇದನ್ನು ನಿಲ್ಲಿಸಬೇಕೆಂಬ ಮಾತು ಪ್ರತಿ ಮಾರ್ಚ್‌ಗೂ ಏಳುತ್ತದೆ. 2022ರಲ್ಲಿ ಸೆನೆಟ್ ಬೇಸಿಗೆಯ ಸಮಯವನ್ನೇ ಕಾಯಂ ಮಾಡುವ ಮಸೂದೆಗೆ ಒಮ್ಮತದಿಂದ ಅಂಗೀಕಾರ ಕೊಟ್ಟಿತು, ಕೆಳಮನೆ ಅದನ್ನು ಎತ್ತಿಕೊಳ್ಳಲೇ ಇಲ್ಲ. ಯುರೋಪಿನಲ್ಲೂ ಅದೇ ಕಥೆ. ಅವರ ಸಂಸತ್ತು 2019ರಲ್ಲಿ ನಿಲ್ಲಿಸೋಣ ಎಂದಿತು, ಸದಸ್ಯ ದೇಶಗಳು ಯಾವ ಸಮಯದಲ್ಲಿ ನಿಲ್ಲುವುದೆಂದು ಒಪ್ಪಂದಕ್ಕೆ ಬರಲಿಲ್ಲ.

ಗದ್ದೆಯ ಬದು

ಇಷ್ಟೆಲ್ಲ ಏಕೆ? ಅದು ರೈತರಿಗಾಗಿ ಮಾಡಿದ್ದು. ಬೆಳಿಗ್ಗೆ ಬೇಗ ಹೊಲಕ್ಕೆ ಹೋಗಲಿ ಎಂದು. ಶಾಲೆಯಲ್ಲಿ ಓದಿದ ನೆನಪು.

ರಾತ್ರಿಪಾಳಿಯವಳು, ಕೋರಮಂಗಲ

ಹೊಲಕ್ಕೆ ಬೇಗ ಹೋಗಲು ರೈತನಿಗೆ ಗಡಿಯಾರ ತಿರುಗಿಸಿಕೊಡುವವರು ಬೇಕೇ? ಅವನು ಏಳುವುದು ಬೆಳಕಿಗೆ, ಹಸು ಕರೆಯುವುದು ಕೆಚ್ಚಲು ತುಂಬಿದಾಗ. ಗಡಿಯಾರ ಮುಂದೆ ಹೋದರೆ ಹಾಲಿನ ಲಾರಿ ಒಂದು ಗಂಟೆ ಮುಂಚೆ ಬರುತ್ತದೆ, ಹುಲ್ಲಿನ ಮೇಲಿನ ಮಂಜು ಮಾತ್ರ ತನ್ನ ಹೊತ್ತಿಗೇ ಆರುತ್ತದೆ. ಅಮೆರಿಕದ ರೈತರು ಇದನ್ನು ವಿರೋಧಿಸಿದರು. 1919ರಲ್ಲಿ ಅಧ್ಯಕ್ಷ ವಿಲ್ಸನ್ ಅವರ ನಿರಾಕರಣಾಧಿಕಾರವನ್ನೂ ಮೀರಿ ಕಾಂಗ್ರೆಸ್ ಈ ಕಾನೂನನ್ನು ರದ್ದು ಮಾಡಿತು. ಮತ್ತೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಕ್ವೀನ್ಸ್‌ಲ್ಯಾಂಡಿನಲ್ಲೂ ಬೇಡವೆಂದವರಲ್ಲಿ ಹಳ್ಳಿಯ ಕಡೆಯವರದೇ ಜೋರು. ಹಸುಗಳಿಗೆ ಗೊಂದಲವಾಗುತ್ತದೆ, ಕಿಟಕಿ ಪರದೆಯ ಬಣ್ಣ ಹೋಗುತ್ತದೆ ಎಂದು ಅವರನ್ನು ಸಿಡ್ನಿಯವರು ಇಂದಿಗೂ ತಮಾಷೆ ಮಾಡುತ್ತಾರೆ.

ಪದ್ಧತಿಯಿಂದ ಲಾಭ ಇರುವುದು ಸಂಜೆ ಕಚೇರಿ ಬಿಟ್ಟು ಬರುವವರಿಗೆ. ಅದೂ ಭೂಮಧ್ಯರೇಖೆಯಿಂದ ದೂರದಲ್ಲಿದ್ದರೆ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ. ನ್ಯೂಜೆರ್ಸಿಯಲ್ಲಿ ಹೆಚ್ಚುಕಡಿಮೆ ಆರು ಗಂಟೆ. ಆರರಲ್ಲಿ ಒಂದನ್ನು ಬೆಳಿಗ್ಗೆಯಿಂದ ಸಂಜೆಗೆ ಸರಿಸಿದರೆ ಏನೋ ಸಿಗುತ್ತದೆ. ಒಂದೂವರೆಯಲ್ಲಿ ಒಂದನ್ನು ಸರಿಸಿದರೆ ಮಕ್ಕಳು ಕತ್ತಲಲ್ಲಿ ಶಾಲೆಗೆ ಹೊರಡುತ್ತಾರೆ, ಅಷ್ಟೆ.

ನನಗೆ ವರ್ಷದ ಅತಿ ಕೆಟ್ಟ ವಾರಗಳು ಯಾವುವು ಗೊತ್ತೇ? ಅಮೆರಿಕ ತಿರುಗಿಸಿಯಾಗಿ ಬ್ರಿಟನ್ ಇನ್ನೂ ತಿರುಗಿಸದ ಮಾರ್ಚ್ ತಿಂಗಳ ಮೂರು ವಾರ. ಈ ವರ್ಷ 8ರಿಂದ 29ರವರೆಗೆ. ನ್ಯೂಯಾರ್ಕಿಗೂ ಲಂಡನ್ನಿಗೂ ಎಂದೂ ಇರುವ ಐದು ಗಂಟೆಯ ಅಂತರ ಆಗ ನಾಲ್ಕಾಗುತ್ತದೆ. ಅಲ್ಲಿಯ ಮ್ಯಾನೇಜರುಗಳಿಗೇ ಅದು ನೆನಪಿರುವುದಿಲ್ಲ, ಇಬ್ಬರ ಸಭೆಗಳೂ ಒಂದೇ ಹೊತ್ತಿಗೆ ಬಂದು ನಮ್ಮ ಹುಡುಗರ ತಲೆಯ ಮೇಲೆ ಬೀಳುತ್ತವೆ. 2007ಕ್ಕೆ ಮುಂಚೆ ಅಮೆರಿಕ ಏಪ್ರಿಲ್ ಮೊದಲ ಭಾನುವಾರ ತಿರುಗಿಸುತ್ತಿತ್ತು, ಇಷ್ಟು ದೊಡ್ಡ ಬಿರುಕು ಇರಲಿಲ್ಲ. ಬೇಸಿಗೆಯ ಸಮಯವನ್ನು ಹಿಗ್ಗಿಸಿದ ಆ ಕಾನೂನಿಗೆ ನನ್ನ ಕಡೆಯಿಂದ ಪ್ರತಿ ಮಾರ್ಚ್‌ಗೂ ಒಂದು ಹಿಡಿಶಾಪ ಸಲ್ಲುತ್ತದೆ.

ಮರಳುಗಾಡಿನ ಮಲೆನಾಡಿನವಳು

ನ್ಯೂಜೆರ್ಸಿ ಬಿಟ್ಟು ಮಗಳನ್ನು ನಮ್ಮ ಅರಿಜೋನಕ್ಕೆ ಕರೆಸಿಕೊಳ್ಳಲು ಹೇಳಿ! ಇಲ್ಲಿ 1968ರಿಂದ ಈ ಕಾಟ ಇಲ್ಲ. ಫೀನಿಕ್ಸಿಗೂ ತೀರ್ಥಹಳ್ಳಿಗೂ ವರ್ಷವಿಡೀ ಹನ್ನೆರಡೂವರೆ ಗಂಟೆ, ಕಣ್ಣು ಮುಚ್ಚಿ ಹೇಳಬಹುದು. ಜುಲೈನಲ್ಲಿ ಇಲ್ಲಿ ನಲವತ್ತು ಡಿಗ್ರಿ ದಾಟುವುದು ದಿನನಿತ್ಯದ ಮಾತು. ಸೂರ್ಯ ಯಾವಾಗ ಮುಳುಗಿಯಾನು ಎಂದು ಕಾಯುವ ಜನಕ್ಕೆ ಅವನನ್ನು ಇನ್ನೊಂದು ಗಂಟೆ ನಿಲ್ಲಿಸಿಕೊಳ್ಳುವ ಆಸೆ ಎಲ್ಲಿಂದ ಬರಬೇಕು?

ಆದರೆ ಪೂರ್ತಿ ನೆಮ್ಮದಿ ಇಲ್ಲೂ ಇಲ್ಲ. ರಾಜ್ಯದ ಈಶಾನ್ಯ ಮೂಲೆಯಲ್ಲಿ ನವಾಹೊ ಬುಡಕಟ್ಟಿನವರ ನಾಡಿದೆ. ಅದು ನ್ಯೂಮೆಕ್ಸಿಕೊ, ಯೂಟಾ ರಾಜ್ಯಗಳಿಗೂ ಚಾಚಿಕೊಂಡಿರುವುದರಿಂದ ತಮ್ಮ ನಾಡಿಗೆಲ್ಲ ಒಂದೇ ಸಮಯ ಇರಲೆಂದು ಅವರು ಗಡಿಯಾರ ತಿರುಗಿಸುತ್ತಾರೆ. ಆ ನಾಡಿನ ನಡುವೆ ಹೋಪಿ ಜನರ ನಾಡು. ಅವರು ತಿರುಗಿಸುವುದಿಲ್ಲ. ಟ್ಯೂಬಾ ಸಿಟಿ ಎಂಬ ನವಾಹೊ ಊರಿಗೆ ಅಂಟಿಕೊಂಡೇ ಮೋಯಂಕೋಪಿ ಎಂಬ ಹೋಪಿ ಹಳ್ಳಿ ಇದೆ. ಬೇಸಿಗೆಯಲ್ಲಿ ರಸ್ತೆಯ ಈ ಬದಿಗೂ ಆ ಬದಿಗೂ ಒಂದು ಗಂಟೆ ವ್ಯತ್ಯಾಸ. ಊರಿನಿಂದ ಬಂದ ಅತ್ತೆ ಮಾವನನ್ನು ಆ ಕಡೆ ಸುತ್ತಾಡಿಸಲು ಕರೆದೊಯ್ದಾಗ ಮಾವನವರ ಫೋನ್ ದಾರಿಯುದ್ದಕ್ಕೂ ಸಮಯ ಬದಲಾಯಿಸುತ್ತಲೇ ಇತ್ತು. ಕೊನೆಗೆ ಅವರು ಅದನ್ನು ಆರಿಸಿ, ಕೈಗಡಿಯಾರದಲ್ಲಿ ಭಾರತದ ಸಮಯ ನೋಡಿಕೊಂಡು ಮಾತ್ರೆ ನುಂಗಿದರು.

ಎಸ್ಸೆಮ್ ಅವರಿಗೆ ಇನ್ನೊಂದು ಮಾತು. ಅಮೆರಿಕದವರು ಪತ್ರದಲ್ಲಿ ‘ಇಎಸ್‌ಟಿ’ ಎಂದು ಬರೆದರೆ ನಂಬಬೇಡಿ. ಅದು ನ್ಯೂಯಾರ್ಕ್ ಕಡೆಯ ಚಳಿಗಾಲದ ಸಮಯದ ಹೆಸರು, ಬೇಸಿಗೆಯದು ‘ಇಡಿಟಿ’. ಅಭ್ಯಾಸಬಲದಿಂದ ವರ್ಷವಿಡೀ ಇಎಸ್‌ಟಿ ಎಂದೇ ಬರೆಯುತ್ತಾರೆ. ಅಕ್ಷರಶಃ ಲೆಕ್ಕ ಹಾಕಿದರೆ ಜುಲೈನಲ್ಲಿ ಒಂದು ಗಂಟೆ ತಪ್ಪುತ್ತದೆ. ‘ನ್ಯೂಯಾರ್ಕಿನಲ್ಲಿ ಎಷ್ಟು ಗಂಟೆಗೆ’ ಎಂದು ಊರಿನ ಹೆಸರು ಹಿಡಿದೇ ಕೇಳಿ.

ನಿವೃತ್ತ ಎಸ್ಸೆಮ್, ಅರಸೀಕೆರೆ

ಎಡಿಸನ್ ನಿವಾಸಿಯವರೇ, ನಿಂತು ಕಾಯುವ ರೈಲಿನ ಸುದ್ದಿ ಓದಿ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಸಮಯಕ್ಕೆ ಸರಿಯಾಗಿ ಬಂದ ತಪ್ಪಿಗೆ ಶಿಕ್ಷೆ! ಆ ಒಂದು ಗಂಟೆ ಗಾಡಿ ಪಕ್ಕಕ್ಕೆ ನಿಲ್ಲುವ ಲೂಪ್ ಲೈನ್ ಖಾಲಿ ಇರಬೇಕು, ಹಿಂದಿನಿಂದ ಬರುವ ಗೂಡ್ಸ್ ಗಾಡಿಗೆ ದಾರಿ ಬೇಕು, ಚಾಲಕನ ದುಡಿಮೆಯ ಗಂಟೆ ಏರುತ್ತಿರುತ್ತದೆ, ಪ್ರಯಾಣಿಕರು ಇಳಿದು ಬಂದು ‘ಏಕೆ ನಿಂತಿದೆ’ ಎಂದು ಕೇಳುತ್ತಾರೆ. ‘ಗಡಿಯಾರಕ್ಕಾಗಿ’ ಎಂದು ನಾನು ಹೇಳಿದ್ದರೆ ನಮ್ಮ ಜನ ಬಿಡುತ್ತಿದ್ದರೇ?

ಕೊನೆಯ ಅನುಮಾನವೊಂದಿದೆ. ಮಗಳ ಮಗು ಹುಟ್ಟಿದ್ದು ಜುಲೈ ತಿಂಗಳಲ್ಲಿ, ಆಸ್ಪತ್ರೆಯ ಕಾಗದದಲ್ಲಿ ಮಧ್ಯಾಹ್ನ 2:15 ಎಂದಿದೆ. ಇಲ್ಲಿಯ ಪುರೋಹಿತರು ಅದನ್ನು ನೇರ ಭಾರತದ ಸಮಯಕ್ಕೆ ತಿರುಗಿಸಲು ಹತ್ತೂವರೆ ಗಂಟೆ ಕೂಡಿಸಿ ಜಾತಕ ಬರೆದುಕೊಟ್ಟಿದ್ದಾರೆ. ಈಗ ಈ ಚರ್ಚೆ ಓದಿದ ಮೇಲೆ ಅದು ಒಂಬತ್ತೂವರೆ ಆಗಬೇಕಿತ್ತು ಎನಿಸುತ್ತಿದೆ. ಜಾತಕದಲ್ಲಿ ನನಗೆ ಅಂಥ ನಂಬಿಕೆಯೇನಿಲ್ಲ. ಆದರೆ ಬರೆದ ಮೇಲೆ ಸರಿ ಇರಬೇಕು.

ಗಣಿತ ಮಾತ್ರ, ಉಡುಪಿ

ನಿಮ್ಮ ಅನುಮಾನ ಸರಿ. ಜುಲೈನಲ್ಲಿ ನ್ಯೂಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆಯೇ. 2:15 ಎಂದರೆ ನಮಗೆ ರಾತ್ರಿ 11:45, ಅವರು ಬರೆದಂತೆ ಮರುದಿನದ 12:45 ಅಲ್ಲ. ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿರುವ ರಾಶಿ, ಸರಾಸರಿ ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಒಂದು ಗಂಟೆ ತಪ್ಪಿದರೆ ಲಗ್ನವೇ ಬೇರೆಯಾಗುವ ಸಂಭವ ಸುಮಾರು ಅರ್ಧಕ್ಕರ್ಧ. ಚಂದ್ರನ ನಕ್ಷತ್ರಕ್ಕೆ ಅಷ್ಟು ಭಯವಿಲ್ಲ, ಅದು ಹೆಚ್ಚುಕಡಿಮೆ ಒಂದು ದಿನ ಇರುತ್ತದೆ. ಎರಡು ನಕ್ಷತ್ರಗಳ ಸಂಧಿಯಲ್ಲಿದ್ದರೆ ಮಾತ್ರ ನೋಡಬೇಕು. ಮತ್ತೆ ಬರೆಸಿ. ಬರೆಯುವವರು ಕಂಪ್ಯೂಟರ್ ಬಳಸುತ್ತಾರಾದರೆ ಊರು, ತಾರೀಕು, ಕಾಗದದಲ್ಲಿರುವ 2:15 ಇಷ್ಟನ್ನೇ ಕೊಡಲಿ. ತಂತ್ರಾಂಶ ತಾನೇ ಒಂದು ಗಂಟೆ ಕಳೆಯುತ್ತದೆ. ಕೈಯಲ್ಲೂ ಒಮ್ಮೆ ಕಳೆದು ಕೊಟ್ಟರೆ ತಪ್ಪು ಆಚೆ ದಿಕ್ಕಿಗೆ ಬೀಳುತ್ತದೆ. ನನ್ನ ಬಳಿ ಬರುವ ವಿದೇಶದ ಜಾತಕಗಳಲ್ಲಿ ಈ ಎರಡು ಸಲ ಕಳೆದದ್ದೇ ಹೆಚ್ಚು.

ಇಡೀ ಚರ್ಚೆಯಲ್ಲಿ ನಮ್ಮ ದೇಶದ ಗಡಿಯಾರ ಎಂದೂ ಕದಲಿಲ್ಲ ಎಂಬಂತೆ ಮಾತನಾಡಿದ್ದೀರಿ. ಕದಲಿದೆ. ಎರಡನೆಯ ಮಹಾಯುದ್ಧದಲ್ಲಿ 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಸಮಯ ಒಂದು ಗಂಟೆ ಮುಂದಿತ್ತು. ಈಗಿನ ಅಮೆರಿಕದಂತೆ ಚಳಿಗಾಲಕ್ಕೆ ಹಿಂದೆ ಬಂದದ್ದೂ ಇಲ್ಲ, ಮೂರು ವರ್ಷ ಒಂದೇ ಸಮನೆ. ಆ ಅವಧಿಯಲ್ಲಿ ಹುಟ್ಟಿದವರ ಜಾತಕ ತಿದ್ದಿ ಕೊಡಿ ಎಂದು ಇಂದಿಗೂ ಬರುತ್ತಾರೆ. ಆಗ ನಾನು ಕೇಳುವ ಮೊದಲ ಪ್ರಶ್ನೆ: ಹುಟ್ಟಿದ ಹೊತ್ತನ್ನು ಹೇಗೆ ಬರೆದಿಟ್ಟಿದ್ದಾರೆ? ಗಂಟೆ ನಿಮಿಷ ಎಂದಿದ್ದರೆ ಒಂದು ಗಂಟೆ ಕಳೆಯಬೇಕು. ‘ಸೂರ್ಯೋದಯಾದಿ ಗತಘಟಿ’ (ಸೂರ್ಯ ಹುಟ್ಟಿದಾಗಿನಿಂದ ಕಳೆದ ಘಟಿಗಳು, ಒಂದು ಘಟಿ 24 ನಿಮಿಷ) ಇಷ್ಟು ಎಂದಿದ್ದರೆ ಮುಟ್ಟುವಂತಿಲ್ಲ. ಏಕೆಂದರೆ ಘಟಿಯ ಲೆಕ್ಕ ಶುರುವಾಗುವುದು ಆ ಊರಿನಲ್ಲಿ ಸೂರ್ಯ ಹುಟ್ಟಿದ ಕ್ಷಣದಿಂದ. ಯಾವ ವೈಸರಾಯ್ ಏನೇ ಆದೇಶ ಹೊರಡಿಸಿದರೂ ಅದಕ್ಕೆ ತಟ್ಟುವುದಿಲ್ಲ.

ವಿದೇಶದಲ್ಲಿರುವವರು ರಾಹುಕಾಲಕ್ಕೂ ಇದನ್ನೇ ನೆನಪಿಡಬೇಕು. ಹಗಲನ್ನು ಎಂಟು ಭಾಗ ಮಾಡಿ ಒಂದನ್ನು ಎಣಿಸುವುದು ಅದು. ‘ಸೋಮವಾರ ಏಳೂವರೆಯಿಂದ ಒಂಬತ್ತು’ ಎಂದು ಊರಿನ ಕ್ಯಾಲೆಂಡರಿನಲ್ಲಿ ಇರುವುದು ಆರಕ್ಕೆ ಸೂರ್ಯೋದಯ ಎಂದು ಹಿಡಿದು. ಹದಿನೈದು ಗಂಟೆಯ ಹಗಲಿಗೆ, ಅದರ ಮೇಲೆ ಒಂದು ಗಂಟೆ ಮುಂದೆ ಹೋದ ಗಡಿಯಾರಕ್ಕೆ ಅದನ್ನು ಹಾಗೇ ಅನ್ವಯಿಸಿದರೆ ಲೆಕ್ಕ ಎಲ್ಲೂ ಕೂರುವುದಿಲ್ಲ.

ರಾತ್ರಿಪಾಳಿಯವಳು, ಕೋರಮಂಗಲ

ಉಡುಪಿಯವರ ಮಾತು ಓದಿ ನನ್ನ ತಂತ್ರಾಂಶದ ಸಹೋದ್ಯೋಗಿಯನ್ನು ಕೇಳಿದೆ. ಫೋನ್, ಕಂಪ್ಯೂಟರುಗಳಿಗೆ ಯಾವ ದೇಶ ಯಾವಾಗ ಗಡಿಯಾರ ತಿರುಗಿಸಿತ್ತು ಎಂದು ತಿಳಿಸುವ ಒಂದು ಸಾರ್ವಜನಿಕ ದತ್ತಾಂಶವಿದೆ, ಎಲ್ಲರೂ ಅದನ್ನೇ ಬಳಸುತ್ತಾರೆ. ಅದರಲ್ಲಿ ಕೋಲ್ಕತ್ತದ ಹೆಸರಿನಡಿ ಯುದ್ಧಕಾಲದ ಆ ಒಂದು ಗಂಟೆಯೂ ದಾಖಲಾಗಿದೆಯಂತೆ. ಎಸ್ಸೆಮ್ ಅವರು ಕೇಳಿದ ರಿಜಿಸ್ಟರ್ ಇದೇ ಇರಬೇಕು. ಅದನ್ನು ನಿಭಾಯಿಸುವವರ ಗೋಳು ನನಗಿಂತ ಹೆಚ್ಚು. ಮೊರಾಕೊ ರಂಜಾನ್ ತಿಂಗಳಿಗೆಂದೇ ಗಡಿಯಾರ ಹಿಂದೆ ತರುತ್ತದೆ, ಮುಗಿದ ಮೇಲೆ ಮುಂದಕ್ಕೆ ಒಯ್ಯುತ್ತದೆ. 2023ರ ಮಾರ್ಚ್‌ನಲ್ಲಿ ಲೆಬನಾನಿನ ಪ್ರಧಾನಿ ಮುಳ್ಳು ತಿರುಗಬೇಕಾದ ದಿನ ಹತ್ತಿರ ಬಂದಾಗ ‘ರಂಜಾನ್ ಮುಗಿಯಲಿ’ ಎಂದು ಮುಂದೂಡಿದರು. ಅಲ್ಲಿಯ ಕ್ರೈಸ್ತರ ಮರೊನೈಟ್ ಚರ್ಚ್ ಒಪ್ಪದೆ ತನ್ನ ಗಡಿಯಾರ ತಿರುಗಿಸಿತು. ಕೆಲವು ದಿನ ಒಂದೇ ಊರಿನಲ್ಲಿ ಎರಡು ಸಮಯ ನಡೆದು, ಕೊನೆಗೆ ಸರ್ಕಾರವೇ ಆದೇಶ ಹಿಂತೆಗೆದುಕೊಂಡಿತು.

ನಿವೃತ್ತ ಎಸ್ಸೆಮ್, ಅರಸೀಕೆರೆ

ಈ ಭಾನುವಾರ 6:30ಕ್ಕೆ ಮೂರೂ ಮನೆ ಸೇರಿದವು. ಈಜು ಮುಗಿಸಿ ಒದ್ದೆ ತಲೆಯಲ್ಲಿ ಮೊಮ್ಮಕ್ಕಳು ಕೂತಿದ್ದರು, ನ್ಯೂಜೆರ್ಸಿಯ ಮಗು ಎಚ್ಚರವಾಗಿಯೇ ಇತ್ತು. ನನ್ನ ಹೆಂಡತಿ ಕಾಫಿ ಲೋಟ ಕೈಯಲ್ಲಿ ಹಿಡಿದೇ ಬಂದಳು. ಜಾತಕ ಮತ್ತೆ ಬರೆಯಲು ಕೊಟ್ಟಿದ್ದೇನೆ. ಪುರೋಹಿತರು ಸ್ವಲ್ಪ ಬಿರುಸಾಗಿ ನೋಡಿದರು, ಉಡುಪಿಯವರ ಲೆಕ್ಕ ತೋರಿಸಿದ ಮೇಲೆ ಸುಮ್ಮನೆ ತೆಗೆದುಕೊಂಡರು.

ಮಾತಿನ ನಡುವೆ ಮಗ ಹೇಳಿದ: ಮುಂದಿನ ವರ್ಷ ಕಂಪನಿ ಅವನನ್ನು ಪರ್ತ್‌ಗೆ ಕಳುಹಿಸಬಹುದಂತೆ. ಅಲ್ಲಿಯ ನಿಯಮ ಏನು?

ರಾತ್ರಿಪಾಳಿಯವಳು, ಕೋರಮಂಗಲ

ಒಳ್ಳೆಯ ಊರು, ಹೋಗಲಿ ಬಿಡಿ. ಪಶ್ಚಿಮ ಆಸ್ಟ್ರೇಲಿಯದವರು 1975ರಿಂದ 2009ರವರೆಗೆ ನಾಲ್ಕು ಸಲ ಮತ ಹಾಕಿ ನಾಲ್ಕು ಸಲವೂ ಬೇಡವೆಂದಿದ್ದಾರೆ. ನಮಗಿಂತ ಎರಡೂವರೆ ಗಂಟೆ ಮುಂದೆ, ವರ್ಷವಿಡೀ. ನಿಮ್ಮ 6:30 ಅವರಿಗೆ ಬೆಳಿಗ್ಗೆ 9. ಈಜಿನ ತರಗತಿ 9ಕ್ಕೆ ಇರದಂತೆ ಸೇರಿಸುವಾಗಲೇ ನೋಡಿಕೊಳ್ಳಲು ಹೇಳಿ.